ನನ್ನ ಫೋನಿಗೆ ಬಂದ ಕಾಲ್ ನಮ್ಮನೆಯವರ ಫೋನಿನಲ್ಲೂ ರಿಂಗ್ ಆಗುತ್ತಿದೆ, ಕಾರಿನಲ್ಲೂ ಕೇಳಿಸುತ್ತಿದೆ

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಹನುಮಂತನಗರದಲ್ಲಿ, ಮೊದಲ ಮಹಡಿ. ಅಡುಗೆಮನೆ ಬಾಲ್ಕನಿಯ ಕೆಳಗೇ ಕಾರ್ ನಿಲ್ಲಿಸುವ ಜಾಗ. ಹೋದ ಗುರುವಾರ ಸಂಜೆ ಬಾಲ್ಕನಿಯಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ತಂಗಿ ಜೊತೆ ಮಾತಾಡುತ್ತಿದ್ದೆ. ಅವಳು ಶಿವಮೊಗ್ಗದಲ್ಲಿದ್ದಾಳೆ. ಅವಳ ಸಂಸಾರದಲ್ಲಿ ಈಗ ತುಂಬ ಕಷ್ಟ ನಡೆಯುತ್ತಿದೆ. ಅದನ್ನು ನನ್ನ ಹತ್ತಿರ ಮಾತ್ರ ಹೇಳಿಕೊಳ್ಳುತ್ತಾಳೆ. ಅಳುತ್ತಾ ಹೇಳುತ್ತಿದ್ದವಳ ದನಿ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಹಲೋ ಹಲೋ ಅಂದೆ. ಫೋನ್ ನೋಡಿದರೆ ಕಾಲ್ ಕಟ್ ಆಗಿಲ್ಲ, ಸೆಕೆಂಡು ಓಡುತ್ತಲೇ ಇದೆ. ಅಷ್ಟರಲ್ಲಿ ಅವಳ ದನಿ ಕೆಳಗಿನಿಂದ ಬಂತು. ಮಗಳನ್ನು ಟ್ಯೂಷನ್‌ನಿಂದ ಕರೆತರಲು ನಮ್ಮನೆಯವರು ಕಾರ್ ಸ್ಟಾರ್ಟ್ ಮಾಡಿದ್ದರು. ಕಾರಿನ ಸ್ಪೀಕರ್‌ನಲ್ಲಿ ನನ್ನ ತಂಗಿ ಅಳುತ್ತಿದ್ದಳು.

ಅವರು ಗಾಬರಿಯಾಗಿ ಕಾರ್ ಆಫ್ ಮಾಡಿದರು. ನನ್ನನ್ನು ಏನೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಅವಳಿಗೆ ದುಡ್ಡೇನಾದರೂ ಬೇಕಾ?" ಅಂದರು. ಎಷ್ಟು ಕೇಳಿಸಿಕೊಂಡಿದ್ದಾರೆ ಅಂತ ಆಗ ಗೊತ್ತಾಯಿತು.

ಎರಡನೆಯ ಸಮಸ್ಯೆ ಹಳೆಯದು. ನನ್ನದು ಅವರ ಹಳೆಯ ಐಫೋನ್. ಹೊಸದು ತಗೊಂಡಾಗ ಇದನ್ನು ನನಗೆ ಕೊಟ್ಟರು. ಅಂದಿನಿಂದ ನನಗೆ ಬರುವ ಕಾಲ್ ಮನೆಯಲ್ಲಿದ್ದಾಗ ಅವರ ಫೋನಿನಲ್ಲೂ ರಿಂಗ್ ಆಗುತ್ತದೆ, ಮಗಳ ಐಪ್ಯಾಡ್‌ನಲ್ಲೂ ಆಗುತ್ತದೆ. ನಾನು ಯಾರಿಗೆ ಎಷ್ಟು ಹೊತ್ತಿಗೆ ಮಾಡಿದೆ ಅನ್ನುವ ಪಟ್ಟಿಯೂ ಅವರ ಫೋನಿನಲ್ಲಿದೆ. ಒಂದು ಸಲ ಮಗಳೇ ಐಪ್ಯಾಡ್‌ನಲ್ಲಿ ಎತ್ತಿ "ಚಿಕ್ಕಮ್ಮ ಅಳ್ತಿದ್ದಾಳೆ" ಅಂತ ಓಡಿಬಂದಳು.

ನಮ್ಮನೆಯವರು ಕೆಟ್ಟವರಲ್ಲ. ನಾನು ಕದ್ದುಮುಚ್ಚಿ ಏನೂ ಮಾಡುತ್ತಿಲ್ಲ. ಆದರೆ ತಂಗಿ ನನಗೆ ಅಂತ ಹೇಳಿದ್ದು ಮನೆಗೆಲ್ಲ ಕೇಳಿಸಿದರೆ ಅವಳಿಗೆ ನಾನು ಮೋಸ ಮಾಡಿದ ಹಾಗೆ ಅಲ್ವಾ? ಗುರುವಾರದಿಂದ ಅವಳು ಕಾಲ್ ಮಾಡಿಲ್ಲ. ನಾನೇ ಮಾಡಿದರೆ "ಆಮೇಲೆ" ಅಂತ ಮೆಸೇಜ್ ಬರುತ್ತದೆ.

ಬನಶಂಕರಿ_ಬಸ್‌ಸ್ಟಾಪ್

ಕಾಲ್ ಲಿಸ್ಟ್ ಮುಚ್ಚಿಡುವ ಆಪ್‌ಗಳು ಬೇಕಾದಷ್ಟಿವೆ. ಒಂದನ್ನು ಹಾಕಿಕೊಂಡು ಪಿನ್ ಇಟ್ಟುಬಿಡಿ, ಸಾಕು. ಇಲ್ಲದಿದ್ದರೆ ಪ್ರತಿ ಕಾಲ್ ಆದ ಮೇಲೆ ಡಿಲೀಟ್ ಮಾಡುತ್ತಿರಿ.

ರಾಜಾಜಿನಗರ_ರಿಪೇರಿ

ಮೇಡಂ, ದಯವಿಟ್ಟು ಅಂಥ ಆಪ್ ಹಾಕಬೇಡಿ. ನನ್ನದು ಮೊಬೈಲ್ ರಿಪೇರಿ ಅಂಗಡಿ, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕಾಲ್ ಮುಚ್ಚಿಡುತ್ತೇನೆ ಅನ್ನುವ ಆಪ್ ಮೊದಲು ಕೇಳುವುದೇ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಮೈಕ್ ಮೂರಕ್ಕೂ ಪರ್ಮಿಷನ್. ಮನೆಯವರಿಗೆ ಗೊತ್ತಾಗಬಾರದು ಅಂತ ಹೋಗಿ ಯಾವನೋ ಅಪರಿಚಿತನಿಗೆ ಕೊಟ್ಟ ಹಾಗಾಗುತ್ತದೆ. ಐಫೋನಿನಲ್ಲಂತೂ ಫೋನಿನ ಸ್ವಂತ ಕಾಲ್ ಪಟ್ಟಿಯನ್ನು ಮುಟ್ಟಲು ಹೊರಗಿನ ಆಪ್‌ಗೆ ಬಿಡುವುದೇ ಇಲ್ಲ.

ಡಿಲೀಟ್ ಕೂಡ ಈಗ ಬೇಡ. ಏನನ್ನೂ ಅಳಿಸಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಸೋರುತ್ತಿರುವುದು ಎರಡು ಕಡೆ. ಒಂದಕ್ಕೊಂದು ಸಂಬಂಧ ಇಲ್ಲ.

ಕಾರು ಮೊದಲು, ಅದು ಸುಲಭ. ಬ್ಲೂಟೂತ್ ಸುಮಾರು 10 ಮೀಟರ್ ಎಳೆಯುತ್ತದೆ. ನಿಮ್ಮ ಬಾಲ್ಕನಿಯಿಂದ ಕಾರು ಅದರ ಅರ್ಧವೂ ದೂರ ಇಲ್ಲ. ಎಂದೋ ಒಂದು ದಿನ ನಿಮ್ಮ ಫೋನ್ ಆ ಕಾರಿಗೆ ಜೋಡಿಸಿದ್ದೀರಿ, ಅಥವಾ ಅದು ಅವರ ಫೋನಾಗಿದ್ದ ಕಾಲದಲ್ಲೇ ಜೋಡಣೆ ಆಗಿದೆ. ಕಾರ್ ಸ್ಟಾರ್ಟ್ ಆದ ತಕ್ಷಣ ಅದು ಗೊತ್ತಿರುವ ಫೋನನ್ನು ಹುಡುಕುತ್ತದೆ, ನಡೆಯುತ್ತಿರುವ ಕಾಲನ್ನು ಎಳೆದುಕೊಳ್ಳುತ್ತದೆ. ಸೆಟ್ಟಿಂಗ್ಸ್ ಒಳಗೆ ಬ್ಲೂಟೂತ್, ಕಾರಿನ ಹೆಸರಿನ ಪಕ್ಕದ ಐ ಗುರುತು ಒತ್ತಿ "ಫರ್ಗೆಟ್ ದಿಸ್ ಡಿವೈಸ್" ಕೊಡಿ. ಐಫೋನನ್ನು ಕಾರಿನ ಸ್ಕ್ರೀನಿನಲ್ಲಿ ಬಳಸುವ ಕಾರ್‌ಪ್ಲೇ ಇದ್ದರೆ ಜನರಲ್ ಒಳಗೆ ಕಾರ್‌ಪ್ಲೇ ತೆಗೆದು ಅಲ್ಲೂ ಕಾರನ್ನು ಮರೆಸಿ. ಆಮೇಲೆ ಕಾರಿನೊಳಗೆ ಕೂತು ಅದರ ಸ್ಕ್ರೀನಿನಲ್ಲೂ ನಿಮ್ಮ ಫೋನಿನ ಹೆಸರು ಅಳಿಸಬೇಕು. ಇದನ್ನು ಜನ ಮರೆಯುತ್ತಾರೆ. ಎಷ್ಟೋ ಕಾರುಗಳು ಕಾಂಟ್ಯಾಕ್ಟ್ಸ್ ಮತ್ತು ಕಾಲ್ ಪಟ್ಟಿಯ ಒಂದು ಪ್ರತಿಯನ್ನು ಒಳಗೇ ಇಟ್ಟುಕೊಂಡಿರುತ್ತವೆ. ಇನ್ನೊಮ್ಮೆ ಹೀಗೇ ಆದರೆ ಗಾಬರಿ ಆಗಬೇಡಿ. ಕಾಲ್ ಸ್ಕ್ರೀನಿನಲ್ಲಿ ಆಡಿಯೋ ಒತ್ತಿ ಐಫೋನ್ ಆರಿಸಿದರೆ ದನಿ ತಿರುಗಿ ಕಿವಿಗೆ ಬರುತ್ತದೆ.

ಎರಡನೆಯದು ಆಪಲ್ ಐಡಿ, ಅಂದರೆ ಐಫೋನ್, ಐಪ್ಯಾಡ್‌ಗೆ ಸೈನ್ ಇನ್ ಆಗುವ ಖಾತೆ. ಈಗ ಇದನ್ನು ಆಪಲ್ ಅಕೌಂಟ್ ಅನ್ನುತ್ತಾರೆ. ಫೋನ್ ಕೊಡುವಾಗ ಅವರು ತಮ್ಮ ಐಡಿ ತೆಗೆದಿಲ್ಲ. ಆಪಲ್ ಲೆಕ್ಕದಲ್ಲಿ ಎರಡು ಫೋನೂ, ಐಪ್ಯಾಡೂ ಒಬ್ಬರದೇ. ಒಬ್ಬರದೇ ಆದ್ದರಿಂದ ಎಲ್ಲದರಲ್ಲೂ ರಿಂಗ್ ಮಾಡುತ್ತದೆ, ಎಲ್ಲದಕ್ಕೂ ಕಾಲ್ ಪಟ್ಟಿ ಕಳಿಸುತ್ತದೆ. ಸೆಟ್ಟಿಂಗ್ಸ್ ತೆರೆದಾಗ ಮೇಲೆ ಯಾರ ಹೆಸರಿದೆ ನೋಡಿ.

ಇವತ್ತಿಗೆ ಒಂದು ತಾತ್ಕಾಲಿಕ ಉಪಾಯ: ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅದರಲ್ಲಿ ಫೋನ್, ಅದರಲ್ಲಿ "ಕಾಲ್ಸ್ ಆನ್ ಅದರ್ ಡಿವೈಸಸ್" ಆಫ್ ಮಾಡಿ. ಹಳೆಯ ಐಒಎಸ್ ಆದರೆ ಆಪ್ಸ್ ಅನ್ನುವುದು ಇರುವುದಿಲ್ಲ, ನೇರ ಫೋನ್ ಸಿಗುತ್ತದೆ. ರಿಂಗ್ ನಿಲ್ಲುತ್ತದೆ. ಪಟ್ಟಿ ಹೋಗುವುದನ್ನು ಅದು ನಿಲ್ಲಿಸುವುದಿಲ್ಲ. ಅದಕ್ಕೆ ನಿಮ್ಮದೇ ಐಡಿ ಬೇಕು.

ಏನನ್ನೂ ಅಳಿಸಬೇಡಿ ಅಂದದ್ದು ಇದಕ್ಕೇ. ಒಂದೇ ಐಡಿಯಲ್ಲಿರುವಾಗ ನೀವು ಒಂದು ಕಾಂಟ್ಯಾಕ್ಟ್ ಅಥವಾ ಐಕ್ಲೌಡ್ (ಆಪಲ್‌ನ ಆನ್‌ಲೈನ್ ಸಂಗ್ರಹ) ಫೋಟೋ ತೆಗೆದರೆ ಅವರ ಫೋನಿನಿಂದಲೂ ಹೋಗುತ್ತದೆ. ಹೋದ ತಿಂಗಳು ಒಬ್ಬರು ಹೀಗೇ "ಇದು ನನ್ನ ಫೋನಲ್ವಾ" ಅಂತ ಯಜಮಾನರ ಆಫೀಸಿನ ನಂಬರೆಲ್ಲ ಅಳಿಸಿ, ಇಬ್ಬರೂ ಜಗಳ ಮಾಡಿಕೊಂಡೇ ಅಂಗಡಿಗೆ ಬಂದಿದ್ದರು.

ಸಂಜೆಮಲ್ಲಿಗೆ

ಮೇಲೆ ಅವರ ಹೆಸರೇ ಇದೆ ಸರ್. ಸೈನ್ ಔಟ್ ಒತ್ತಿದೆ, ಪಾಸ್‌ವರ್ಡ್ ಕೇಳುತ್ತಿದೆ. ನನಗೆ ಗೊತ್ತಿಲ್ಲ.

ರಾಜಾಜಿನಗರ_ರಿಪೇರಿ

ಕೇಳಲೇಬೇಕು. ಕದ್ದ ಫೋನನ್ನು ಬೇರೆಯವರು ತಮ್ಮದು ಮಾಡಿಕೊಳ್ಳಬಾರದು ಅಂತ ಕಳೆದ ಫೋನ್ ಹುಡುಕುವ "ಫೈಂಡ್ ಮೈ" ಆಫ್ ಮಾಡಲು ಆ ಐಡಿಯ ಪಾಸ್‌ವರ್ಡ್ ಬೇಕಾಗುತ್ತದೆ. ಯಾವ ಅಂಗಡಿಯವನಾದರೂ ದುಡ್ಡು ತಗೊಂಡು ತೆಗೆದುಕೊಡುತ್ತೇನೆ ಅಂದರೆ ಕೊಡಬೇಡಿ.

ಅಂದರೆ ಇದನ್ನು ನಿಮ್ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ನೀವು ಇಲ್ಲಿ ಬರೆದಿದ್ದೀರಲ್ಲ, ತಂಗಿ ಹೇಳುವುದು ನನಗೆ ಅಂತ, ಅದನ್ನೇ ಅವರಿಗೂ ಹೇಳಿ. ಅಳು ಕೇಳಿ ಕಾರ್ ಆಫ್ ಮಾಡಿದವರಿಗೆ ಇದು ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ.

ಕೂತಾಗ ಮಾಡುವ ಕ್ರಮ: ಮೊದಲು ನಿಮ್ಮ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಐಕ್ಲೌಡ್ ಆನ್ ಇದ್ದರೆ ಎಷ್ಟೋ ಫೋಟೋ ಪೂರ್ತಿಯಾಗಿ ಫೋನಿನಲ್ಲಿ ಇರುವುದೇ ಇಲ್ಲ. ಸೈನ್ ಔಟ್ ಆಗುವಾಗ ಏನೇನು ಫೋನಿನಲ್ಲೇ ಉಳಿಸಬೇಕು ಅಂತ ಕೇಳುತ್ತದೆ, ಕಾಂಟ್ಯಾಕ್ಟ್ಸ್ ಉಳಿಸಿ. ಆಮೇಲೆ ನಿಮ್ಮದೇ ಹೊಸ ಐಡಿ ಮಾಡಿ, 5 ಜಿಬಿ ಜಾಗ ಉಚಿತ. ವಾಟ್ಸಾಪ್ ಚಾಟ್ ಎಲ್ಲೂ ಹೋಗುವುದಿಲ್ಲ, ಆದರೆ ಹೊಸ ಐಡಿಯಲ್ಲಿ ಬ್ಯಾಕಪ್ ಒಮ್ಮೆ ತಗೊಳ್ಳಿ. ಅವರ ಐಕ್ಲೌಡ್ ಜಾಗ, ಕೊಂಡ ಆಪ್‌ಗಳು ಹಂಚಿಕೊಳ್ಳಬೇಕು ಅಂದರೆ ಫ್ಯಾಮಿಲಿ ಶೇರಿಂಗ್ ಇದೆ, 6 ಜನರವರೆಗೆ. ಅದರಲ್ಲಿ ಒಬ್ಬರ ಕಾಲ್ ಇನ್ನೊಬ್ಬರಿಗೆ ಹೋಗುವುದಿಲ್ಲ.

ನೀಲಿಕಿಟಕಿ

ನಡುವೆ ಬರೆಯುತ್ತಿದ್ದೇನೆ, ಕ್ಷಮಿಸಿ. ನನ್ನದು ಆಂಡ್ರಾಯ್ಡ್. ನಮ್ಮನೆಯವರು ದಿನಾ ರಾತ್ರಿ ನನ್ನ ಫೋನ್ ಇಸಿದುಕೊಂಡು ಯಾರಿಗೆ ಮಾಡಿದೆ ಅಂತ ಒಂದೊಂದೇ ಕೇಳುತ್ತಾರೆ. ಅಮ್ಮನ ಜೊತೆ ಆಡಿದ ಮಾತು ಕೂಡ ಅವರಿಗೆ ಗೊತ್ತಿರುತ್ತದೆ. ರೆಕಾರ್ಡ್ ಆಗುತ್ತಿದೆಯಾ?

ರಾಜಾಜಿನಗರ_ರಿಪೇರಿ

ಇರಬಹುದು. ಇಲ್ಲಿ ಮಾರುವ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಎಲ್ಲ ಕಾಲ್ ತಾನಾಗಿ ರೆಕಾರ್ಡ್ ಆಗುವ ಸೆಟ್ಟಿಂಗ್ ಇದೆ. ಫೋನ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ರೆಕಾರ್ಡಿಂಗ್ ನೋಡಿ. ಅಲ್ಲೇ ಕಾಲ್ ಫಾರ್ವರ್ಡಿಂಗ್ ಇರುತ್ತದೆ, ಗೊತ್ತಿಲ್ಲದ ನಂಬರ್ ಇದೆಯಾ ನೋಡಿ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ, ಒಂದು ಖಾತೆಗೆ ಇನ್ನೂ 4 ಯಂತ್ರ ಜೋಡಿಸಬಹುದು.

ಆದರೆ ಅಮ್ಮ, ಸುಮ್ನೆ ನೋಡಿ, ಈಗಲೇ ಏನನ್ನೂ ಆಫ್ ಮಾಡಬೇಡಿ. ನಿಮ್ಮ ವಿಷಯ ಮೇಲಿನವರ ಥರ ಅಲ್ಲ. ಸೆಟ್ಟಿಂಗ್ ಬದಲಾದದ್ದು ಅವರಿಗೆ ಗೊತ್ತಾದರೆ ಆ ರಾತ್ರಿ ಮನೆಯಲ್ಲಿ ಏನಾಗುತ್ತದೆ ಅನ್ನುವುದು ನಿಮಗೆ ಮಾತ್ರ ಗೊತ್ತು. ಭಯ ಇದ್ದರೆ ಮುಖ್ಯವಾದ ಮಾತಿಗೆ ಈ ಫೋನನ್ನು ಬಳಸಲೇಬೇಡಿ. ಅಮ್ಮನ ಫೋನ್, ಜೊತೆಯಲ್ಲಿ ಕೆಲಸ ಮಾಡುವವರ ಫೋನ್, ಯಾವುದಾದರೂ ಸರಿ. ಅದರಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾಡಿ. ಹೊಡೆತ ಬಡಿತದ ಹೊತ್ತಾದರೆ 112. ಇಲ್ಲಿ ಬರೆದದ್ದನ್ನೂ ಬ್ರೌಸರ್ ಹಿಸ್ಟರಿಯಿಂದ ತೆಗೆದುಬಿಡಿ.

ಹೊಂಗೆಮರ

ನಾನು ಕೋರ್ಟಿನ ಕಡೆ ಕೆಲಸ ಮಾಡುವವಳು. ನೀಲಿಕಿಟಕಿಯವರಿಗೆ ಎರಡು ಮಾತು. ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಕಾಯ್ದೆಯಲ್ಲಿ ಬೈಗುಳ, ಮನಸ್ಸಿಗೆ ಕೊಡುವ ಹಿಂಸೆ ಎರಡೂ ಸೇರಿವೆ. ಹೊಡೆದರೆ ಮಾತ್ರ ಅಂತ ಅಂದುಕೊಳ್ಳಬೇಡಿ. ಇನ್ನೊಂದು, ಗಂಡ ಹೆಂಡತಿ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ರೆಕಾರ್ಡ್ ಮಾಡಿದ ಮಾತನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ತರಬಹುದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆದ್ದರಿಂದ ಅವರ ಜೊತೆ ಫೋನಿನಲ್ಲಿ ಮಾತಾಡುವಾಗಲೂ ಎಚ್ಚರ ಇರಲಿ.

ಸಂಜೆಮಲ್ಲಿಗೆಯವರು ತಂಗಿಯ ಬಗ್ಗೆ ಹೇಳಿದ್ದು ನನ್ನ ಮನಸ್ಸಿಗೆ ಹತ್ತಿರವಾಯಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ತೀರ್ಪು ಬಂತಲ್ಲ, ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿ ಆಗಿದ್ದವರು. ಗಂಡ ಹೆಂಡತಿಯ ಕೇಸೊಂದರಲ್ಲಿ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸಲು ಕೆಳಗಿನ ಕೋರ್ಟ್ ಒಪ್ಪಿತ್ತು. 2022ರ ಕೊನೆಯಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ದಂಪತಿಯ ಜಗಳದಲ್ಲಿ ಮೂರನೆಯವರ ಖಾಸಗಿತನ ಮುರಿಯಬಾರದು ಅಂತ. ವಿಷಯ ಬೇರೆ, ಆದರೆ ಆ ಕಡೆ ಮಾತಾಡುವವರಿಗೂ ಹಕ್ಕಿದೆ ಅನ್ನುವುದು ಅದೇ.

ನೀಲಿಕಿಟಕಿ

ರೆಕಾರ್ಡಿಂಗ್ ಆನ್ ಇದೆ. ಮುಟ್ಟಲಿಲ್ಲ. ನಾಳೆ ಆಫೀಸಿನಲ್ಲಿ ಒಬ್ಬರ ಫೋನಿನಿಂದ ಮಾಡುತ್ತೇನೆ. ಇಬ್ಬರಿಗೂ ಧನ್ಯವಾದ.

ಸಂಜೆಮಲ್ಲಿಗೆ

ಭಾನುವಾರ ಕೂತು ಮಾಡಿದೆವು. ಹೇಳಲು ಕಷ್ಟವಾಯಿತು, ಎರಡು ಸಲ ಕಾಫಿ ಮಾಡಲು ಎದ್ದುಹೋದೆ. ಕೊನೆಗೆ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಫೋನಿನಲ್ಲಿ ರಿಂಗ್ ಆದಾಗೆಲ್ಲ ನನಗೂ ಮುಜುಗರ ಆಗ್ತಿತ್ತು, ನೀನು ಏನಂದುಕೊಳ್ಳುತ್ತೀಯೋ ಅಂತ ಹೇಳಲಿಲ್ಲ" ಅಂದರು. ಪಾಸ್‌ವರ್ಡ್ ಅವರೇ ಹಾಕಿದರು.

ಫೋಟೋ ಕಾಪಿ ಆಗಲು ಮೂರು ಗಂಟೆ ಹಿಡಿಯಿತು. ಸೈನ್ ಔಟ್ ಆದ ಮೇಲೆ ಅವರ ಆಫೀಸಿನ ನಂಬರೆಲ್ಲ ನನ್ನ ಫೋನಿನಲ್ಲೇ ಉಳಿದಿದ್ದವು. ಈಗ ಅಳಿಸಬಹುದು ಅಂತ ಧೈರ್ಯ ಮಾಡಿ ಒಂದನ್ನು ಅಳಿಸಿ, ಅವರ ಫೋನಿನಲ್ಲಿ ಇದೆಯಾ ಅಂತ ನೋಡಿ, ಆಮೇಲೆ ಉಳಿದದ್ದು ತೆಗೆದೆ. ಕಾರಿನ ಸ್ಕ್ರೀನ್ ನೀವು ಹೇಳಿದ ಹಾಗೇ ಇತ್ತು ಸರ್. ಫೋನಿನಲ್ಲಿ ಮರೆಸಿದ ಮೇಲೂ ತಂಗಿಯ ಹೆಸರು ಅಲ್ಲಿ ಸಾಲಾಗಿ ಕೂತಿತ್ತು. ಅಳಿಸಿದೆ.

ನಿನ್ನೆ ಸಂಜೆ ತಂಗಿಯೇ ಮಾಡಿದಳು. ಮಾತಿನ ನಡುವೆ ಕೆಳಗೆ ಕಾರ್ ಸ್ಟಾರ್ಟ್ ಆಯಿತು. ನಾನು ಉಸಿರು ಬಿಗಿಹಿಡಿದೆ. ಅವಳ ದನಿ ಕಿವಿಯಲ್ಲೇ ಇತ್ತು. ಮುಕ್ಕಾಲು ಗಂಟೆ ಮಾತಾಡಿದಳು.

ರಾಜಾಜಿನಗರ_ರಿಪೇರಿ

ಓದಿ ತುಂಬ ಸಂತೋಷವಾಯಿತು ಮೇಡಂ. ಒಂದು ಕೇಳುವುದು ಮರೆತಿದ್ದೆ. ಸಿಮ್ ಯಾರ ಹೆಸರಿನಲ್ಲಿದೆ? ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಆದರೆ ಬಿಲ್ ಮುಖ್ಯ ನಂಬರಿನವರಿಗೆ ಹೋಗುತ್ತದೆ, ವಿವರವಾದ ಬಿಲ್ ಕೇಳಿದ್ದರೆ ಮಾಡಿದ ಕಾಲ್‌ಗಳೂ ಅದರಲ್ಲಿರುತ್ತವೆ. ಅವರ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಅಂತ ಅವರೇ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಬಹುದು.

ಸಂಜೆಮಲ್ಲಿಗೆ

ನೋಡಿದೆವು. ನನ್ನ ನಂಬರ್ ಅವರ ಹೆಸರಿನಲ್ಲೇ ಇದೆ, ಮದುವೆಯಾದ ವರ್ಷ ತಗೊಂಡದ್ದು. ಶನಿವಾರ ಇಬ್ಬರೂ ಆಧಾರ್ ತಗೊಂಡು ಕಂಪನಿಯ ಅಂಗಡಿಗೆ ಹೋಗುತ್ತಿದ್ದೇವೆ, ನನ್ನ ಹೆಸರಿಗೆ ಮಾಡಿಸಲು.