ಅಪ್‌ಡೇಟ್: ಆ್ಯಕ್ಟಿವ್ ಪಿಕಪ್ ಹಾಕಿಸಲಾ ಎಂದು ಕೇಳಿದ್ದೆನಲ್ಲ, ಕೊನೆಗೆ ಪ್ಯಾಸಿವ್ ಆಯ್ತು

ನಾನು ಕೇಳಿದ್ದು ಇಷ್ಟು: ಎಲೆಕ್ಟ್ರಿಕ್ ಗಿಟಾರ್‌ನ ಹಳೆಯ ಹಂಬಕರ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಕಪ್‌ನ ಎರಡು ಕಾಯಿಲ್ ಬಗೆ) ತೆಗೆದು ಆ್ಯಕ್ಟಿವ್ (ಬ್ಯಾಟರಿಯಿಂದ ನಡೆಯುವ ಪ್ರೀಆಂಪ್, ಅಂದರೆ ಪುಟ್ಟ ಆಂಪ್ಲಿಫಯರ್, ಒಳಗೇ ಇರುವ ಪಿಕಪ್) ಹಾಕಿಸಲಾ, ಅದಿಲ್ಲದ ಒಳ್ಳೆಯ ಪ್ಯಾಸಿವ್ ಸಾಕಾ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಪ್ಯಾಸಿವ್ ಹಾಕಿಸಿದೆ.

ಅದಕ್ಕೂ ಮೊದಲು ಗೆಳೆಯನ ಇಎಂಜಿ 81 ಅನ್ನೋ ಆ್ಯಕ್ಟಿವ್ ಪಿಕಪ್ ಇರುವ ಗಿಟಾರನ್ನು ನನ್ನದೇ ಆಂಪ್‌ಗೆ ಹಾಕಿ ನುಡಿಸಿದೆ. ಗೇನ್ ಜಾಸ್ತಿ ಇಟ್ಟರೂ ಗುಂಯ್ ಅನ್ನೋ ಸದ್ದು ತೀರಾ ಕಡಿಮೆ. ಪಾಮ್ ಮ್ಯೂಟ್ ಮಾಡಿದರೆ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸಿದರೆ) ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಉದ್ದದ ಕೇಬಲ್‌ನಲ್ಲೂ ಟ್ರೆಬಲ್ ಕುಗ್ಗಲಿಲ್ಲ. ಒಳಗಿನ ಪ್ರೀಆಂಪ್ ಸಿಗ್ನಲ್‌ನ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಇರುವ ತಡೆ) ಇಳಿಸಿ ಕಳಿಸುತ್ತದಲ್ಲ, ಅದಕ್ಕೆ. ಬರೀ ಮೆಟಲ್ ನುಡಿಸುವವರಾದರೆ ಕಣ್ಣುಮುಚ್ಚಿ ತಗೊಳ್ಳಿ.

ಆದರೆ ನನ್ನ ಕಿರುಬೆರಳು ಯಾವಾಗಲೂ ವಾಲ್ಯೂಮ್ ನಾಬ್ ಮೇಲೇ. ಪ್ಯಾಸಿವ್‌ನಲ್ಲಿ 10ರಿಂದ 6ಕ್ಕೆ ಇಳಿಸಿದರೆ ಡಿಸ್ಟಾರ್ಷನ್ ಜೊತೆ ಅಂಚಿನ ಚೂಪೂ ಹೋಗಿ ಸದ್ದು ಮೆತ್ತಗಾಗುತ್ತದೆ. ನನಗೆ ಬೇಕಿದ್ದದ್ದೇ ಅದು. ಫಜ್ ಪೆಡಲ್ (ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಹಾಕಿದಾಗಂತೂ ವ್ಯತ್ಯಾಸ ಎದ್ದು ಕಾಣಿಸಿತು. ಫಜ್ ಫೇಸ್ ಥರದ ಫಜ್ ಪೆಡಲ್‌ಗಳು ಪಿಕಪ್‌ನ ಕಾಯಿಲ್ ಜೊತೆ ನೇರವಾಗಿ ಸೇರಿ ಕೆಲಸ ಮಾಡುತ್ತವೆ. ನಡುವೆ ಪ್ರೀಆಂಪ್ ಬಂದರೆ ಆ ನಂಟು ಕಡಿಯುತ್ತದೆ.

ಇನ್ನು ವೈರಿಂಗ್. ಆ್ಯಕ್ಟಿವ್‌ಗೆ ಸಾಮಾನ್ಯವಾಗಿ 25ಕೆ ಪಾಟ್ (ನಾಬ್‌ನ ಕೆಳಗಿರುವ, 25 ಕಿಲೋಓಮ್ ತಡೆಯ ಬಿಡಿಭಾಗ), ಸ್ಟೀರಿಯೋ ಜ್ಯಾಕ್, 9 ವೋಲ್ಟ್ ಬ್ಯಾಟರಿ ಬೇಕು. ನನ್ನದರಲ್ಲಿದ್ದದ್ದು 500ಕೆ. ಬ್ಯಾಟರಿ ಇಟ್ಟರೆ ಹಿಂದಿನ ಮುಚ್ಚಳ ಕೂರುತ್ತಿರಲಿಲ್ಲ. ಮರ ಕೊರೆಸಲು ಮನಸ್ಸಾಗಲಿಲ್ಲ.

ನುಡಿಸುವಾಗಲೇ ಬ್ಯಾಟರಿ ಕೈಕೊಡುತ್ತೆ ಅಂತ ಸುಮ್ನೆ ಹೆದರಿಸಿದ್ದಿರಿ, ಅಲ್ವಾ? ನುಡಿಸಿದ ಮೇಲೆ ಕೇಬಲ್ ಕಿತ್ತಿಟ್ಟರೆ ಅದು ತಿಂಗಳುಗಟ್ಟಲೆ ಬರುತ್ತದೆ. ಈಗ ಪಿಕಪ್ ಎತ್ತರ ಹೊಂದಿಸುತ್ತಿದ್ದೇನೆ. ದಪ್ಪ ತಂತಿಗಳ ಕಡೆ ತುಸು ತಗ್ಗಿಸಿದೆ, ಬೇಸ್ ಕಲಸಿಕೊಳ್ಳುವುದು ನಿಂತಿತು.