51 ಅವಿಭಾಜ್ಯವಲ್ಲ ಎಂಬುದನ್ನು ಮಕ್ಕಳಿಗೆ ಹೇಗೆ ಮನಗಾಣಿಸಬೇಕು?

ಪ್ರಶ್ನೆ – ಪೋಷಕಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಆರನೆಯ ತರಗತಿಯಲ್ಲಿರುವ ನನ್ನ ಮಗಳ ಜೊತೆಗೆ ಓಣಿಯ ನಾಲ್ಕೈದು ಮಕ್ಕಳೂ ಸಂಜೆ ನಮ್ಮ ಮನೆಯಲ್ಲಿ ಕುಳಿತು ಓದುತ್ತಾರೆ. "1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಅಪವರ್ತನಗಳಿಲ್ಲದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ" ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಆದರೆ 51 ಎಂಥ ಸಂಖ್ಯೆ ಎಂದು ಕೇಳಿದರೆ, ಅದು ಬೆಸಸಂಖ್ಯೆ, ಹತ್ತರವರೆಗಿನ ಯಾವ ಮಗ್ಗಿಯಲ್ಲೂ ಬರುವುದಿಲ್ಲ, ಆದ್ದರಿಂದ ಅವಿಭಾಜ್ಯ ಎನ್ನುತ್ತಾರೆ. 12ರ ಅಪವರ್ತನಗಳನ್ನು ಬರೆಯಲು ಹೇಳಿದರೆ ಇಬ್ಬರು 12, 24, 36 ಎಂದು ಬರೆಯುತ್ತಾರೆ. ಇನ್ನು 1 ಏಕೆ ಅವಿಭಾಜ್ಯವಲ್ಲ ಎಂಬುದಕ್ಕೆ, ಪುಸ್ತಕದಲ್ಲಿ ಹಾಗಿದೆ ಎನ್ನುವುದನ್ನು ಬಿಟ್ಟು, ಈ ವಯಸ್ಸಿನವರಿಗೆ ಒಪ್ಪುವಂಥ ಕಾರಣವಿದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ – ಪ್ರಾಥಮಿಕ ಶಾಲಾ ಶಿಕ್ಷಕ, ಸಿಂಧನೂರು

ಮೇಡಂ, ವ್ಯಾಖ್ಯೆಯನ್ನು ಸ್ವಲ್ಪ ದಿನ ಬದಿಗಿಟ್ಟು ಒಂದು ಬೊಗಸೆ ಹುಣಸೆ ಬೀಜ ತೆಗೆದುಕೊಳ್ಳಿ. ಪ್ರತಿ ಮಗುವಿಗೂ 12 ಬೀಜ ಕೊಟ್ಟು, ಒಂದೂ ಉಳಿಯದಂತೆ ಸಮನಾದ ಸಾಲುಗಳಲ್ಲಿ ಜೋಡಿಸಲು ಹೇಳಿ. ಹನ್ನೆರಡರ ಒಂದು ಸಾಲು, ಆರರ ಎರಡು ಸಾಲು, ನಾಲ್ಕರ ಮೂರು ಸಾಲು ಹೀಗೆ ಬಗೆಬಗೆಯ ಜೋಡಣೆಗಳು ಬರುತ್ತವೆ. ಸಾಲುಗಳ ಎಣಿಕೆ ಮತ್ತು ಸಾಲಿನೊಳಗಿನ ಬೀಜಗಳ ಎಣಿಕೆ, ಇವೆರಡೂ 12ರ ಅಪವರ್ತನಗಳು. ಆಮೇಲೆ ಒಂದೇ ಒಂದು ಬೀಜ ಸೇರಿಸಿ 13 ಮಾಡಿ. ಎರಡು ಸಾಲು ಮಾಡಿದರೆ ಒಂದು ಉಳಿಯುತ್ತದೆ, ಮೂರು ಮಾಡಿದರೂ ಒಂದು ಉಳಿಯುತ್ತದೆ, ಐದು ಮಾಡಿದರೆ ಮೂರು ಉಳಿಯುತ್ತವೆ. "ಇದು ಒಂದ ಸಾಲಿಗೆ ಬರ್ತೈತ್ರೀ ಸರ್" ಎಂದು ಮಗುವೇ ಹೇಳುವವರೆಗೆ ಕಾಯಬೇಕು. ನಾವು ಮೊದಲೇ ಹೇಳಿಬಿಟ್ಟರೆ ಅದು ಮತ್ತೊಂದು ಬಾಯಿಪಾಠವಾಗುತ್ತದೆ.

ಅಪವರ್ತ್ಯಗಳಿಗಾಗಿ, ಅಂದರೆ ಆ ಸಂಖ್ಯೆಯ ಮಗ್ಗಿಯಲ್ಲಿ ಬರುವ ಸಂಖ್ಯೆಗಳಿಗಾಗಿ, ಹನ್ನೆರಡರ ಸಾಲಿನ ಕೆಳಗೆ ಹನ್ನೆರಡರ ಸಾಲುಗಳನ್ನು ಇಡುತ್ತಾ ಹೋಗಬೇಕು. 24, 36, 48 ಎಂದು ಬೆಳೆಯುವ ಆ ಎಣಿಕೆಗೆ ಕೊನೆಯಿಲ್ಲ. ಅಪವರ್ತನವಾದರೋ ಆ ಸಂಖ್ಯೆಯನ್ನು ಮೀರಿ ಹೋಗಲಾರದು. ನಿಮ್ಮ ಆ ಇಬ್ಬರು ಮಕ್ಕಳಿಗೆ, ಇರುವ 12 ಬೀಜಗಳಲ್ಲೇ 24ರ ಸಾಲು ಹಾಕಿ ತೋರಿಸಲು ಹೇಳಿದರೆ ವ್ಯತ್ಯಾಸ ಕೈಯಲ್ಲೇ ತಿಳಿಯುತ್ತದೆ.

51ಕ್ಕೆ ಅಂಕಿಗಳನ್ನು ಕೂಡಿಸುವ ನಿಯಮವನ್ನೇ (ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಆ ಸಂಖ್ಯೆಯೂ ಭಾಗವಾಗುತ್ತದೆ) ಬೀಜಗಳಲ್ಲಿ ತೋರಿಸಬಹುದು. ಹತ್ತರ ಒಂದು ಗುಂಪಿನಿಂದ ಮೂರು ಮೂರು ತೆಗೆದರೆ ಒಂದು ಬೀಜ ಉಳಿಯುತ್ತದೆ. ಐದು ಗುಂಪುಗಳಿಂದ ಐದು ಉಳಿದವು, ಬಿಡಿಯಾಗಿದ್ದದ್ದು ಒಂದು, ಒಟ್ಟು ಆರು. ಆರು ಮೂರರಲ್ಲಿ ಪೂರ್ತಿ ಹೋಗುವುದರಿಂದ 51 ಕೂಡ ಹೋಗುತ್ತದೆ: 3 × 17.

ಉತ್ತರ – ನಿವೃತ್ತ ಗಣಿತ ಶಿಕ್ಷಕ, ಬಳ್ಳಾರಿ

ಸಿಂಧನೂರಿನ ಗುರುಗಳು ಹೇಳಿದ್ದು ಸರಿಯಾಗಿದೆ, ಆದರೆ ಬೀಜಗಳ ಜೋಡಣೆ ಮೂವತ್ತರ ಆಚೆಗೆ ಮಕ್ಕಳನ್ನು ದಣಿಸುತ್ತದೆ. ಅಲ್ಲಿಂದ ಮುಂದೆ ಎರಟೋಸ್ತನೀಸನ ಜರಡಿಯೇ ಉತ್ತಮ. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಗ್ರೀಕ್ ವಿದ್ವಾಂಸನ ಹೆಸರಿನ ಕ್ರಮ ಇಂದಿಗೂ ಹಳತಾಗಿಲ್ಲ. 1ರಿಂದ 100ರವರೆಗೆ ಹತ್ತು ಸಾಲುಗಳಲ್ಲಿ ಬರೆದು 1ನ್ನು ಹೊಡೆದು ಹಾಕಿ, 2, 3, 5, 7 ಇವುಗಳನ್ನು ಉಳಿಸಿಕೊಂಡು ಇವುಗಳ ಉಳಿದ ಅಪವರ್ತ್ಯಗಳನ್ನೆಲ್ಲ ಹೊಡೆದು ಹಾಕಿದರೆ 25 ಅವಿಭಾಜ್ಯಗಳು ಉಳಿಯುತ್ತವೆ. 7ರ ಸರದಿ ಬಂದಾಗ ಹೊಸದಾಗಿ ಹೋಗುವವು 49, 77 ಮತ್ತು 91 ಮಾತ್ರ. 91ನ್ನು ಅವಿಭಾಜ್ಯವೆಂದು ನಂಬುವ ದೊಡ್ಡವರೂ ಬಹಳ ಮಂದಿ ಇದ್ದಾರೆ.

ಏಳಕ್ಕೇ ಏಕೆ ನಿಲ್ಲಿಸಬೇಕು ಎಂದು ಮಕ್ಕಳನ್ನು ಅವಶ್ಯವಾಗಿ ಕೇಳಿ. ಎರಡು ಅಪವರ್ತನಗಳೂ ಹತ್ತಕ್ಕಿಂತ ದೊಡ್ಡವಾದರೆ ಗುಣಲಬ್ಧ ನೂರನ್ನು ದಾಟುತ್ತದೆ; ಆದ್ದರಿಂದ ನೂರರೊಳಗಿನ ಪ್ರತಿಯೊಂದು ಭಾಜ್ಯ ಸಂಖ್ಯೆಯನ್ನೂ ಈ ನಾಲ್ಕರಲ್ಲಿ ಒಂದಾದರೂ ಹಿಡಿದೇ ಹಿಡಿಯುತ್ತದೆ.

ಇನ್ನು 1ರ ವಿಚಾರ. ತಾಯಿ, ಮಕ್ಕಳು ಒಪ್ಪಿಸುತ್ತಿರುವ ವ್ಯಾಖ್ಯೆಯಲ್ಲೇ ತೊಡಕಿದೆ, ಏಕೆಂದರೆ ಅದರ ಪ್ರಕಾರ 1 ಕೂಡ ಒಳಗೆ ಬಂದುಬಿಡುತ್ತದೆ. "ಸರಿಯಾಗಿ ಎರಡೇ ಅಪವರ್ತನಗಳುಳ್ಳ ಸಂಖ್ಯೆ" ಎಂದು ಹೇಳಿಕೊಡಿ. 1ಕ್ಕೆ ಇರುವುದು ಒಂದೇ. ಕಾರಣ ಬೇಕೆನ್ನುವ ಮಗುವಿಗೆ 60ನ್ನು ಒಡೆಯಲು ಕೊಡಿ. 6 × 10 ಎಂದು ಆರಂಭಿಸಿದರೂ 4 × 15 ಎಂದು ಆರಂಭಿಸಿದರೂ ಕೊನೆಗೆ ಸಿಗುವುದು 2, 2, 3, 5 ಮಾತ್ರ. 1ನ್ನೂ ಅವಿಭಾಜ್ಯವೆಂದು ಸೇರಿಸಿಕೊಂಡರೆ ಈ ಪಟ್ಟಿಗೆ ಎಷ್ಟು ಒಂದುಗಳನ್ನಾದರೂ ಸೇರಿಸುತ್ತಾ ಹೋಗಬಹುದು, ಆಗ ಉತ್ತರ ಒಂದೇ ಎನ್ನುವಂತಿಲ್ಲ. ಆ ಒಂದೇ ಉತ್ತರವನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ 1ನ್ನು ಹೊರಗಿಟ್ಟಿದ್ದಾರೆ.

ಉತ್ತರ – ಪೋಷಕ, ಮುನಿರಾಬಾದ್

ನಮ್ಮ ಸುತ್ತಲಿನ ಸಂಖ್ಯೆಗಳನ್ನೂ ಕೇಳಬಹುದು. ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳನ್ನು ಹನ್ನೊಂದರಂತೆ ಮೂರು ಗುಂಪು ಮಾಡಬಹುದು. 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ಗೇಟಿನ ಸಂಖ್ಯೆ 19, ಅದು ಅವಿಭಾಜ್ಯ. ಹಂಪಿಯ ಗಜಶಾಲೆಯಲ್ಲಿ 11 ಕೋಣೆಗಳಿವೆ. ಅದನ್ನು ನೋಡಿದ ನನ್ನ ಮಗ, ಎರಡೂ ಕಡೆ ಐದೈದು ಇವೆಯಲ್ಲ, ಹಾಗಾದರೆ ಭಾಗವಾಯಿತಲ್ಲ ಎಂದು ವಾದಿಸಿದ. ನಡುವಿನ ಕೋಣೆಯನ್ನು ಯಾವ ಗುಂಪಿಗೆ ಸೇರಿಸುತ್ತೀ ಎಂದು ಕೇಳಿದ ಮೇಲೆ, ಎಡಬಲ ಸರಿಹೊಂದುವುದೇ ಬೇರೆ, ಸಮನಾಗಿ ಭಾಗವಾಗುವುದೇ ಬೇರೆ ಎಂದು ಒಪ್ಪಿಕೊಂಡ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಮತ್ತು ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಇವುಗಳನ್ನು ಇದರ ಜೊತೆಯಲ್ಲೇ ಹೇಳಿಕೊಡಬಹುದೇ, ಗುರುಗಳೇ?

ಉತ್ತರ – ನಿವೃತ್ತ ಗಣಿತ ಶಿಕ್ಷಕ, ಬಳ್ಳಾರಿ

ಜರಡಿಯನ್ನು ಮಕ್ಕಳು ತಾವಾಗಿ ಮಾಡಿ ಮುಗಿಸಿದ ಮೇಲೆ ಆರಂಭಿಸಿ. 12 ಮತ್ತು 18 ಸಾಕು: ಎರಡರ ಅಪವರ್ತನಗಳನ್ನೂ ಪೂರ್ತಿ ಬರೆಸಿದರೆ ಎರಡರಲ್ಲೂ ಇರುವ ಅತಿ ದೊಡ್ಡದು 6 ಎಂದೂ, ಅಪವರ್ತ್ಯಗಳನ್ನು ಬರೆಸಿದರೆ ಎರಡರಲ್ಲೂ ಮೊದಲು ಸಿಗುವುದು 36 ಎಂದೂ ಅವರೇ ಕಂಡುಕೊಳ್ಳುತ್ತಾರೆ. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಬರೆದು ಹಂತಹಂತವಾಗಿ ಭಾಗಿಸುತ್ತಾ ಇಳಿಯುವ ಭಾಗಾಕಾರದ ಏಣಿಯನ್ನು ಅದಕ್ಕಿಂತ ಮೊದಲು ತೋರಿಸಬೇಡಿ.