ಸಹಾಯ ಬೇಕು: ಗರ್ಭಪಾತದ ಕರಪತ್ರಕ್ಕೆ ನಿಮ್ಮೂರಿನ ಕಡೆ ಆಡುವ ಮಾತು
ಗರ್ಭಪಾತದ ಹಕ್ಕಿನ ಬಗ್ಗೆ ಎರಡು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಕಾನೂನಿನ ಭಾಗ ಮುಗಿದಿದೆ: 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 24ರವರೆಗೆ ಇಬ್ಬರದು ಬೇಕು, ಅದೂ ನಿಗದಿತ ಸಂದರ್ಭಗಳಲ್ಲಿ. ಅವಿವಾಹಿತೆಯರನ್ನು ಅದರಿಂದ ಹೊರಗಿಡುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18 ತುಂಬಿದವಳ ಸಹಿಯೊಂದೇ ಸಾಕು, ಗಂಡನದು ಬೇಕಿಲ್ಲ (ಕೌಂಟರಿನಲ್ಲಿ ಕೇಳುತ್ತಾರೆ, ಅದು ಬೇರೆ ಮಾತು).

ತೊಡಕಿರುವುದು ಪದಗಳಲ್ಲಿ. 'ಗರ್ಭಪಾತ' ಅಂದರೆ ತಾನಾಗಿ ಹೋದದ್ದೋ, ತೆಗೆಸಿದ್ದೋ ತಿಳಿಯದು. 'ಭ್ರೂಣಹತ್ಯೆ'ಯಂತೂ ಸ್ಕ್ಯಾನಿಂಗ್ ಸೆಂಟರಿನ ಬೋರ್ಡಿನಿಂದ ಇಳಿದು ಎಲ್ಲದಕ್ಕೂ ಅಂಟಿಕೊಂಡಿದೆ. ಆ ಬೋರ್ಡು 1994ರ ಲಿಂಗಪತ್ತೆ ನಿಷೇಧ ಕಾಯ್ದೆಯದು, ಗರ್ಭಪಾತಕ್ಕಿರುವುದು 1971ರ ಬೇರೆ ಕಾಯ್ದೆ.

ನಿಮ್ಮ ಕಡೆ ಹೆಂಗಸರು ತಮ್ಮತಮ್ಮಲ್ಲಿ ಏನನ್ನುತ್ತಾರೆ? 'ತೆಗೆಸಿದ್ಲು', 'ಹೋಯ್ತು', ಇಂಥವನ್ನು ಜಿಲ್ಲೆಯ ಹೆಸರಿನೊಂದಿಗೆ ಬರೆಯಿರಿ. ಆಶಾ ಕಾರ್ಯಕರ್ತೆಯರು ಯಾರಾದರೂ ಕರಡು ಓದಿಕೊಡುವಿರಾ?